ಮಣ್ಣಿನ ಬ್ಲಾಕಿನ ಮನೆ: ಕಟ್ಟಿಸುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ತುಮಕೂರಿನ ಹತ್ತಿರ ನಮ್ಮ ಸೈಟಿನ ಮಣ್ಣಿನಿಂದಲೇ ಬ್ಲಾಕ್ ಒತ್ತಿಸಿ ಮನೆ ಕಟ್ಟಿಸಿ ನಾಲ್ಕು ವರ್ಷವಾಯಿತು. ಬಂದವರೆಲ್ಲ ಮೊದಲು ಗೋಡೆ ಸವರುತ್ತಾರೆ. ಕೆಲವರು ಉಗುರಿನಿಂದ ಕೆರೆದೂ ನೋಡುತ್ತಾರೆ. ಆಮೇಲೆ ಕಾಫಿ ಕುಡಿಯುತ್ತಾ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಮಳೆ ಬಂದರೆ ಕರಗಿ ಹೋಗಲ್ವಾ?

ಕರಗುವುದು ಬರೀ ಮಣ್ಣಿನ ಹಸಿ ಇಟ್ಟಿಗೆ. ಇದು ಬೇರೆ. ಜರಡಿ ಹಿಡಿದ ಮಣ್ಣಿಗೆ ಮರಳೋ ಕಲ್ಲುಪುಡಿಯೋ ಸೇರಿಸಿ, ನೂರಕ್ಕೆ 5ರಿಂದ 8 ಭಾಗ ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಗಟ್ಟಿಯಾಗಿ ಒತ್ತಿದ ಬ್ಲಾಕು. ಸುಡುವುದಿಲ್ಲ, ನೀರು ಹಾಕಿ ಹದ ಮಾಡುತ್ತಾರೆ, ಅಷ್ಟೇ. ನಮ್ಮ ಹಿತ್ತಲ ನಲ್ಲಿಯ ಕೆಳಗೆ ಉಳಿದ ಒಂದು ಬ್ಲಾಕನ್ನು ಬಟ್ಟೆ ಒಗೆಯುವಾಗ ಬಕೆಟ್ ಇಡಲು ಹಾಕಿದ್ದೆವು. ಇವತ್ತಿಗೂ ಅಲ್ಲೇ ಇದೆ. ಒಂದು ಮೂಲೆ ಸ್ವಲ್ಪ ಸವೆದಿದೆ, ಅಷ್ಟು ಬಿಟ್ಟರೆ ಏನೂ ಆಗಿಲ್ಲ.

ಆದರೆ ಒಂದು ವಿಷಯ ಮನಸ್ಸಿನಲ್ಲಿರಲಿ. ನೆನೆದಾಗ ಈ ಬ್ಲಾಕಿನ ಶಕ್ತಿ ಕಮ್ಮಿಯಾಗುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸುವಾಗ ನೀರಲ್ಲಿ ನೆನೆಸಿದ ಬ್ಲಾಕನ್ನೇ ಮಾಡಿಸಬೇಕು. ಸಾಮಾನ್ಯ ಎರಡು ಅಂತಸ್ತಿನ ಮನೆಗೆ ನೆನೆದ ಬ್ಲಾಕು ಚದರ ಸೆಂ.ಮೀ.ಗೆ 30-35 ಕೆ.ಜಿ. ತಡೆದರೆ ಸಾಕು. ಮಾರುವವರು ಒಣ ಬ್ಲಾಕಿನ ಲೆಕ್ಕ ತೋರಿಸಿ ‘ನೋಡಿ ಸಾರ್, ಎಷ್ಟು ಗಟ್ಟಿ’ ಅಂದರೆ ತಲೆಯಾಡಿಸಬೇಡಿ. ಈ ಬ್ಲಾಕಿಗೆ ಐಎಸ್ 1725 ಅಂತ ಭಾರತೀಯ ಮಾನಕವೇ ಇದೆ. ಎಂಜಿನಿಯರ್ ಹತ್ತಿರ ಎಸ್ಟಿಮೇಟ್ ಬರೆಸುವಾಗ ‘ಮಣ್ಣಿನ ಗೋಡೆ’ ಅಂತ ಬರೆಸದೆ ಆ ನಂಬರ್ ಹಾಕಿಸಿ. ಓದುವವರ ಮುಖದ ಮೇಲಿನ ಅನುಮಾನ ಅರ್ಧಕ್ಕರ್ಧ ಇಳಿಯುತ್ತದೆ.

ಇದೇನು ಹೊಸ ಫ್ಯಾಷನ್ನಾ?

ನಮ್ಮ ರಾಜ್ಯದಲ್ಲೇ ಸುಮಾರು ಐವತ್ತು ವರ್ಷದ ಕಥೆ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಹೊಗೆ ಕಮ್ಮಿ ಮಾಡುವ ಅಸ್ತ್ರ ಒಲೆ ನಿಮ್ಮ ಅಜ್ಜಿ ಮನೆಯಲ್ಲಿ ಇದ್ದಿರಬಹುದು. ಅದೂ ಇವರದ್ದೇ. ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲಿ ಅವರ ಪ್ರಯೋಗ ಕೇಂದ್ರ ಇತ್ತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದ ಪ್ರೊಫೆಸರುಗಳು ನಮ್ಮ ಮಣ್ಣಿಗೆ ಎಷ್ಟು ಸಿಮೆಂಟ್ ಬೇಕು, ಎಷ್ಟು ಒತ್ತಬೇಕು ಅಂತ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದರು. ಕೈಯಿಂದ ಒತ್ತುವ ಮೆಷಿನ್ನಿನ ಮೂಲ ಕಲ್ಪನೆ 1950ರ ದಶಕದ ಕೊಲಂಬಿಯಾ ದೇಶದ್ದು. ಅದನ್ನು ನಮ್ಮ ಮಣ್ಣಿಗೆ ಒಗ್ಗಿಸಿದ್ದು ಇಲ್ಲಿನವರು. ಈಗ ಬೆಂಗಳೂರು ಸುತ್ತಮುತ್ತ ಇಂಥ ಮನೆಗಳು ಸಾವಿರಾರು ಇವೆ.

ಯಾವ ಮಣ್ಣು ಆಗುತ್ತೆ?

ಇಡೀ ಕೆಲಸದ ಜೀವ ಇರುವುದು ಇಲ್ಲೇ. ಜನ ಮೆಷಿನ್ ಯಾವುದು, ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಮಣ್ಣನ್ನು ಮಾತ್ರ ಯಾರೂ ನೋಡಲ್ಲ.

ಸಿಮೆಂಟ್ ಹಾಕುವ ಬ್ಲಾಕಿಗೆ ಮರಳಿನ ಅಂಶ ಜಾಸ್ತಿ, ಜೇಡಿ ಕಮ್ಮಿ ಇರಬೇಕು. ಒಟ್ಟು ಮಿಶ್ರಣದಲ್ಲಿ ಮರಳು 65 ಭಾಗಕ್ಕಿಂತ ಜಾಸ್ತಿ, ಜೇಡಿ 10ರಿಂದ 15 ಭಾಗ ಇದ್ದರೆ ಚೆನ್ನ. ಜೇಡಿ ಜಾಸ್ತಿಯಾದರೆ ಬ್ಲಾಕು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಬಿರುಕು ಬಿಡುತ್ತದೆ. ತೀರಾ ಕಮ್ಮಿಯಾದರೆ ಅಚ್ಚಿನಿಂದ ತೆಗೆಯುವಾಗಲೇ ಅಂಚು ಉದುರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಜಾಸ್ತಿಯೇ. ಆದ್ದರಿಂದ ಮರಳೋ ಎಂ-ಸ್ಯಾಂಡೋ ಕಲ್ಲುಪುಡಿಯೋ ಬೆರೆಸಲೇಬೇಕು.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಕಿಟಕಿ ಹತ್ತಿರ ಇಟ್ಟು ಸುಮ್ನೆ ನೋಡಿ. ಮೊದಲ ನಿಮಿಷದಲ್ಲೇ ಕೆಳಗೆ ಕೂರುವುದು ಮರಳು. ಅದರ ಮೇಲೆ ನಿಧಾನವಾಗಿ ಕೂರುವುದು ನುಣ್ಣನೆಯ ಮೆಕ್ಕಲು ಮಣ್ಣು. ಬೆಳಿಗ್ಗೆ ಎದ್ದಾಗ ಮೇಲ್ಗಡೆ ಕೆನೆ ಥರ ಕಟ್ಟಿರುವುದು ಜೇಡಿ. ಸ್ಕೇಲ್ ಹಿಡಿದು ಮೂರನ್ನೂ ಅಳೆಯಿರಿ. ನಮ್ಮ ಮಣ್ಣು ಒಟ್ಟು 12 ಸೆಂ.ಮೀ. ಕೂತಿತ್ತು: ಮರಳು 7, ಮೆಕ್ಕಲು 2, ಜೇಡಿ 3. ಅಂದರೆ ಜೇಡಿ ಕಾಲು ಭಾಗ. ನೀರಲ್ಲಿ ಜೇಡಿ ಉಬ್ಬುವುದರಿಂದ ಬಾಟಲಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಆದರೂ ಅಂದಾಜಿಗೆ ಸಾಕು. ಸಮಸಮ ಕಲ್ಲುಪುಡಿ ಸೇರಿಸಿದೆವು, ಜೇಡಿ ನೂರಕ್ಕೆ 12ರ ಹತ್ತಿರಕ್ಕೆ ಬಂತು.

ಮೇಲಿನ ಒಂದು ಅಡಿ ಮಣ್ಣು ಬೇಡ. ಅದರಲ್ಲಿ ಬೇರು, ಕಸ, ಗೊಬ್ಬರ ಇರುತ್ತದೆ. ಎತ್ತಿಟ್ಟು ತೋಟಕ್ಕೆ ಹಾಕಿಕೊಳ್ಳಿ. ಒಂದೇ ಸೈಟಿನಲ್ಲಿ ಆಳಕ್ಕೆ ಹೋದಂತೆ ಮಣ್ಣು ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಮೂರಡಿಗೊಂದು, ಆರಡಿಗೊಂದು ಬಾಟಲಿ ಇಟ್ಟರೆ ಕಳೆದುಕೊಳ್ಳುವುದೇನಿಲ್ಲ.

ನಮ್ಮದು ಎರೆ ಭೂಮಿ. ಕಪ್ಪು ಮಣ್ಣಲ್ಲಿ ಆಗುತ್ತಾ?

ಸಿಮೆಂಟ್ ಒಂದನ್ನೇ ನಂಬಿಕೊಂಡರೆ ಕಷ್ಟ. ಎರೆಮಣ್ಣಿನ ಜೇಡಿಯೇ ಬೇರೆ ಜಾತಿಯದು, ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಅದಕ್ಕೆ ಸುಣ್ಣ ಬೇಕು. ಸುಣ್ಣ ನಿಧಾನವಾಗಿ ಕೆಲಸ ಮಾಡುವುದರಿಂದ ಹದಕ್ಕೆ ಜಾಸ್ತಿ ದಿನ ಕೊಡಬೇಕು, ಮರಳೂ ಜಾಸ್ತಿ ಬೇಕು. ನನ್ನನ್ನು ಕೇಳಿದರೆ, ಹತ್ತಿರದಲ್ಲಿ ಗರಸು ಮಣ್ಣು ಸಿಕ್ಕರೆ ಅದನ್ನೇ ತರಿಸಿ. ವಿಜಯಪುರ, ರಾಯಚೂರು ಕಡೆ ಹಿರಿಯರು ಮಾಳಿಗೆಯ ಮೇಲ್ಮುದ್ದಿಗೆ, ಅಂದರೆ ಮೇಲೆ ಹೊದಿಸುವ ಮಣ್ಣಿನ ಪದರಕ್ಕೆ, ಸಿಕ್ಕಿದ ಮಣ್ಣೆಲ್ಲ ಹಾಕುತ್ತಿರಲಿಲ್ಲ, ಇಂಥದ್ದೇ ಮಣ್ಣು ಅಂತ ಆರಿಸಿ ತರುತ್ತಿದ್ದರು. ಆ ಬುದ್ಧಿ ಇಲ್ಲೂ ಬೇಕು. ಇನ್ನೊಂದು ಮಾತು: ಎರೆ ಭೂಮಿಯಲ್ಲಿ ಗೋಡೆ ಬಿರುಕು ಬಿಟ್ಟರೆ ತಪ್ಪು ಬಹಳ ಸಲ ಬ್ಲಾಕಿನದ್ದಲ್ಲ, ಪಾಯದ್ದು.

ಬ್ಲಾಕ್ ಮಾಡುವುದು ಹೇಗೆ? ನಾವೇ ಮಾಡಿಸಬಹುದಾ?

ಮಾಡಿಸಬಹುದು. ಆದರೆ ಮನೆಯವರು ಒಬ್ಬರು ದಿನಾ ಸೈಟಿನಲ್ಲಿ ಇರಬೇಕು.

ಮಣ್ಣು ಜರಡಿ ಹಿಡಿದು, ಕಲ್ಲುಪುಡಿ ಸೇರಿಸಿ, ಸಿಮೆಂಟ್ ಹಾಕಿ, ಒಣಗಿದ್ದಾಗಲೇ ಬಣ್ಣ ಒಂದೇ ಸಮ ಆಗುವವರೆಗೆ ಮಗುಚಬೇಕು. ಆಮೇಲೆ ನೀರು, ಅದೂ ಕ್ಯಾನಿನಿಂದ ಚಿಮುಕಿಸುತ್ತಾ. ನೀರು ಸರಿಯಾಯಿತಾ ಅಂತ ನೋಡಲು ಒಂದು ಹಿಡಿ ಮಿಶ್ರಣವನ್ನು ಉಂಡೆ ಕಟ್ಟಿ ಎದೆಯ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಕಮ್ಮಿ. ಮುದ್ದೆಯಾಗಿ ಚಪ್ಪಟೆಯಾದರೆ ಜಾಸ್ತಿ. ನಾಲ್ಕೈದು ತುಂಡಾದರೆ ಹದ ಸರಿ. ನಮ್ಮ ಸೈಟಿನಲ್ಲಿ ಉಂಡೆ ಬಿಡುವ ಕೆಲಸ ಮಾಡುತ್ತಿದ್ದದ್ದು ಕೆಲಸದವರ ಎಂಟು ವರ್ಷದ ಮಗಳು, ರಜೆಯಲ್ಲಿ. ಮೂರನೇ ದಿನಕ್ಕೆ ನಮಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಆಮೇಲಿನದ್ದು ತಕ್ಕಡಿ. ಅಚ್ಚಿಗೆ ಕಣ್ಣಳತೆಯಲ್ಲಿ ತುಂಬಿದರೆ ಒಂದು ಬ್ಲಾಕು ಗಟ್ಟಿ, ಇನ್ನೊಂದು ಪೊಳ್ಳು. 230 × 190 × 100 ಮಿ.ಮೀ. ಅಳತೆಯ ಬ್ಲಾಕಿಗೆ ಹಸಿ ಮಿಶ್ರಣ ಸುಮಾರು ಎಂಟೂಮುಕ್ಕಾಲು ಕೆ.ಜಿ. ಬೇಕು. ಪ್ರತಿ ಸಲವೂ ತೂಗಿ ಹಾಕಿ, ಮುಚ್ಚಳ ಮುಚ್ಚಿ, ಸನ್ನೆ ಎಳೆದು ಒತ್ತಬೇಕು. ಐದಾರು ಜನ ಇದ್ದರೆ ದಿನಕ್ಕೆ 500ರ ಆಸುಪಾಸು ಬರುತ್ತದೆ. ತೂಗುವುದನ್ನು ಬಿಟ್ಟರೆ 600 ಆಗಬಹುದು, ಮೇಸ್ತ್ರಿ ಅದನ್ನೇ ಬಯಸುತ್ತಾನೆ. ತಕ್ಕಡಿ ಮೂಲೆಗೆ ಹೋಗದಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಒತ್ತಿದ ಬ್ಲಾಕನ್ನು ನೆರಳಲ್ಲಿ ಜೋಡಿಸಿ, ಮಾರನೇ ದಿನದಿಂದ ಮೂರು ವಾರ ನೀರು ಚಿಮುಕಿಸಬೇಕು. ಮೇಲೆ ಹುಲ್ಲೋ ಗೋಣಿಯೋ ಹೊದಿಸಬೇಕು.

ನಿಮ್ಮದು ಮೊದಲನೇ ಸಲಕ್ಕೇ ಚೆನ್ನಾಗಿ ಬಂತಾ?

ಎಲ್ಲಿಯ ಮಾತು! ಎರಡು ಎಡವಟ್ಟಾಯಿತು.

ಒಂದನೆಯದು ಊಟದ ಹೊತ್ತಿನದು. ಸಿಮೆಂಟ್ ಕಲಸಿ ನೀರು ಹಾಕಿದ ಮೇಲೆ ಎಲ್ಲರೂ ಊಟಕ್ಕೆ ಹೋದರು. ಒಂದೂವರೆ ಗಂಟೆ ಬಿಟ್ಟು ಬಂದು ಅದನ್ನೇ ಒತ್ತಿದರು. ಆ ಗುಡ್ಡೆಯ ಬ್ಲಾಕುಗಳು ನೋಡಲು ಚೆನ್ನಾಗಿದ್ದವು, ಮೂರು ವಾರದ ನಂತರ ಎರಡು ಬ್ಲಾಕ್ ಒಂದಕ್ಕೊಂದು ತಟ್ಟಿದರೆ ‘ಟಣ್’ ಅನ್ನದೆ ‘ಡಬ್’ ಅಂತಿದ್ದವು. ಅಚ್ಚಿಗೆ ಬೀಳುವ ಮುಂಚೆಯೇ ಸಿಮೆಂಟ್ ಬಿಗಿಯಲು ಶುರುವಾಗಿತ್ತು. ಆಮೇಲಿಂದ ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಕಲಸಿದೆವು.

ಎರಡನೆಯದು ಕಲ್ಲುಪುಡಿಯದು. ಎರಡನೇ ಲೋಡ್ ಬಂದಾಗ ಬಾಟಲಿ ಇಡಲಿಲ್ಲ. ಮೊದಲಿನದ್ದೇ ಇರುತ್ತೆ ಅಂದುಕೊಂಡೆವು. ಬಂದದ್ದು ರಾಗಿ ಹಿಟ್ಟಿನಷ್ಟು ನುಣ್ಣಗಿನ ಪುಡಿ. ಸುಮಾರು 400 ಬ್ಲಾಕಿನ ಅಂಚು ಕೈ ಸವರಿದರೆ ಉದುರುತ್ತಿತ್ತು. ಪುಡಿ ಕೊಟ್ಟವರು ‘ನೀವು ಡಸ್ಟ್ ಕೇಳಿದ್ರಿ, ಡಸ್ಟ್ ಕೊಟ್ಟಿದ್ದೀವಿ’ ಅಂದರು. ಮಾತಿನ ಮಟ್ಟಿಗೆ ಅವರದ್ದು ಸರಿ. ಆ ಬ್ಲಾಕುಗಳು ಕಾಂಪೌಂಡಿನ ಒಳಗೆ ಕಾಲುದಾರಿಯಾದವು.

ಎಷ್ಟು ಬ್ಲಾಕ್, ಎಷ್ಟು ಸಿಮೆಂಟ್ ಬೇಕು?

ಏಳೂವರೆ ಇಂಚಿನ ಗೋಡೆಗೆ ಚದರ ಮೀಟರಿಗೆ 37 ಬ್ಲಾಕು. ಸಾವಿರ ಚದರ ಅಡಿಯ ಮನೆಗೆ, ಕೋಣೆಗಳ ಲೆಕ್ಕದ ಮೇಲೆ, ಆರು ಸಾವಿರದ ಆಸುಪಾಸು. ನೂರಕ್ಕೆ 7ರಂತೆ ಹಾಕಿದರೆ ಒಂದು ಮೂಟೆ ಸಿಮೆಂಟಿಗೆ 90 ಬ್ಲಾಕ್ ಬರುತ್ತವೆ. ಅಂದರೆ ಆರು ಸಾವಿರಕ್ಕೆ 67 ಮೂಟೆ.

ಇನ್ನು ಮಣ್ಣು. ನಮ್ಮ ಸಂಪು 10 × 8 ಅಡಿ, ಆಳ 8 ಅಡಿ, ಒಟ್ಟು 640 ಘನ ಅಡಿ. ಬೇರೆಯವರು ಈ ಮಣ್ಣು ಸಾಗಿಸಲು ಟ್ರ್ಯಾಕ್ಟರಿಗೆ ದುಡ್ಡು ಕೊಡುತ್ತಾರೆ, ಅದು ಹೋಗಿ ಯಾವುದೋ ಕೆರೆ ಅಂಚಿಗೆ ಬೀಳುತ್ತದೆ. ನಮಗೆ ಮೇಲಿನ ಪದರ, ಕಲ್ಲು ಎಲ್ಲ ಕಳೆದು ಸರಿಸುಮಾರು ಇಡೀ ಮನೆಯ ಗೋಡೆಗೆ ಅದೇ ಸಾಕಾಯಿತು. ಮಗನಿಗೆ ಈಗಲೂ ಅದೇ ತಮಾಷೆ: ಮನೆ ಮೊದಲು ಎಲ್ಲಿತ್ತು ಅಂದರೆ ಸಂಪಿನ ಒಳಗೆ ಅನ್ನುತ್ತಾನೆ.

ಅಗ್ಗ ಆಗುತ್ತಾ?

ಅಗ್ಗ ಅನ್ನುವ ಒಂದೇ ಆಸೆಯಿಂದ ಬರಬೇಡಿ. ಗೋಡೆ ಅನ್ನುವುದು ಮನೆಯ ಖರ್ಚಿನಲ್ಲಿ ಒಂದು ಪಾಲು ಅಷ್ಟೇ. ಟೈಲ್ಸ್, ಕಿಟಕಿ, ಬಾತ್‌ರೂಮ್ ಸಾಮಾನು ಎಲ್ಲ ಮಾಮೂಲಿ ರೇಟೇ. ಮಣ್ಣು ಸೈಟಿನದ್ದೇ ಆದರೆ, ಹೊರಗಡೆ ಪ್ಲಾಸ್ಟರ್, ಪೇಂಟ್ ಬಿಟ್ಟರೆ ಉಳಿತಾಯ ಕಾಣುತ್ತದೆ. ಮಣ್ಣೂ ದೂರದಿಂದ, ಕಲ್ಲುಪುಡಿಯೂ ದೂರದಿಂದ ಅಂದರೆ ಲೆಕ್ಕ ತಲೆಕೆಳಗು. ಒಂದಂತೂ ನಿಜ, ಗೂಡಿಗೂ ಲಾರಿಗೂ ಹೋಗುತ್ತಿದ್ದ ದುಡ್ಡು ಇಲ್ಲಿ ಕೂಲಿಯವರ ಕೈಗೆ ಹೋಗುತ್ತದೆ.

ಸಿಮೆಂಟ್ ಹಾಕಿದ ಮೇಲೆ ಇದರಲ್ಲಿ ಪರಿಸರ ಎಲ್ಲಿ ಬಂತು?

ಒಳ್ಳೆ ಪ್ರಶ್ನೆ. ಸಿಮೆಂಟ್ ಸಾಧುವಲ್ಲ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿನೊಳಗಿಂದಲೇ ಬರುತ್ತದೆ, ಉರುವಲಿನಿಂದಲ್ಲ. ಹಾಗಾಗಿ ಒಲೆಗೆ ಸೌರಶಕ್ತಿ ಕೊಟ್ಟರೂ ಅದನ್ನು ತಪ್ಪಿಸಲು ಆಗಲ್ಲ.

ಆದರೆ ಇಟ್ಟಿಗೆಯ ಜೊತೆ ಇಟ್ಟು ನೋಡಿ. ಇಟ್ಟಿಗೆ ಇಡೀ ದೇಹವೇ ಗೂಡಿನಲ್ಲಿ ಬೇಯಬೇಕು. ವಿಜ್ಞಾನ ಸಂಸ್ಥೆಯ ಲೆಕ್ಕದ ಪ್ರಕಾರ ಒಂದು ಸುಟ್ಟ ಇಟ್ಟಿಗೆಗೆ ಸುಮಾರು 4.25 ಮೆಗಾಜೂಲ್ ಶಕ್ತಿ ಬೇಕು. ನೂರಕ್ಕೆ 6 ಸಿಮೆಂಟಿನ ಒಂದು ಮಣ್ಣಿನ ಬ್ಲಾಕಿಗೆ ಸುಮಾರು 2.6. ಬ್ಲಾಕಿನ ಗಾತ್ರ ಎರಡೂವರೆ ಇಟ್ಟಿಗೆಯಷ್ಟು. ಗುಣಿಸಿ ನೋಡಿದರೆ ಅಷ್ಟೇ ಗೋಡೆಗೆ ಇಟ್ಟಿಗೆಯದ್ದು ಹತ್ತಕ್ಕೂ ಜಾಸ್ತಿ, ಇದರದ್ದು ಎರಡೂವರೆ ಚಿಲ್ಲರೆ. ಗೂಡಿನ ಸೌದೆ, ಹೊಲದ ಮೇಲ್ಮಣ್ಣು ಉಳಿದದ್ದು ಬೇರೆ.

ಈ ಲಾಭವನ್ನು ಕೆಡಿಸುವ ದಾರಿಯೂ ಸುಲಭ. ‘ಇರಲಿ ಸಾರ್, ಗಟ್ಟಿ ಬರುತ್ತೆ’ ಅಂತ ಮೇಸ್ತ್ರಿ 12 ಭಾಗ ಸಿಮೆಂಟ್ ಹಾಕಿದರೆ ಮುಗಿಯಿತು. ಮಣ್ಣು ಸರಿಯಿಲ್ಲದಿದ್ದರೆ ಮರಳು ಸೇರಿಸಿ ಸರಿಮಾಡಿ, ಸಿಮೆಂಟ್ ಸುರಿದು ಅಲ್ಲ.

ಎಷ್ಟು ಮಹಡಿ ಕಟ್ಟಬಹುದು? ಪಿಲ್ಲರ್ ಬೇಡವಾ?

ಎರಡು ಅಂತಸ್ತಿನವರೆಗೆ ಗೋಡೆಯೇ ಭಾರ ಹೊರುತ್ತದೆ, ಪಿಲ್ಲರ್ ಬೇಕಿಲ್ಲ. ಆದರೆ ಕೆಳಗಿನ ಗೋಡೆಯ ಮೇಲೇ ಮೇಲಿನ ಗೋಡೆ ಬರಬೇಕು, ಕಿಟಕಿಗಳು ಮೂಲೆಗೆ ಅಂಟಿಕೊಳ್ಳಬಾರದು. ಪ್ಲ್ಯಾನ್ ಮಾಡುವಾಗಲೇ ಎಂಜಿನಿಯರ್ ಕೂರಬೇಕು. ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿ, ಕಿಟಕಿಯ ಮೇಲೆ ಮಾತ್ರ ಅಲ್ಲ. 1993ರಲ್ಲಿ ಲಾತೂರಿನ ಕಿಲ್ಲಾರಿ ಕಡೆ ಭೂಕಂಪವಾದಾಗ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಗೋಡೆಗೆ ಗೋಡೆ ಕಚ್ಚಿಕೊಂಡಿರಲಿಲ್ಲ. ಈ ಪಟ್ಟಿ ಮಾಡುವುದು ಅದೇ, ನಾಲ್ಕೂ ಗೋಡೆಗೆ ಸೇರಿಸಿ ಸೊಂಟಪಟ್ಟಿ ಕಟ್ಟುತ್ತದೆ.

ಗಾರೆ ಯಾವುದು?

1 ಸಿಮೆಂಟ್, 1 ಮಣ್ಣು, 6 ಮರಳು. ಮಣ್ಣು ಸೇರಿದರೆ ಗಾರೆ ಬೆಣ್ಣೆ ಥರ ಎಳೆಯುತ್ತದೆ, ಬ್ಲಾಕಿನ ಬಣ್ಣಕ್ಕೂ ಹೊಂದುತ್ತದೆ. ಕಟ್ಟುವ ಮುಂಚೆ ಬ್ಲಾಕಿನ ಮೈ ಒದ್ದೆ ಮಾಡಿ. ಬ್ಲಾಕಿಗಿಂತ ಗಟ್ಟಿಯಾದ ಗಾರೆಯಿಂದ ಪ್ರಯೋಜನವಿಲ್ಲ.

ಹೊರಗೆ ಪ್ಲಾಸ್ಟರ್ ಇಲ್ಲದೆ ನಡೆಯುತ್ತಾ?

ನೆಲದಿಂದ ಒಂದೂವರೆ-ಎರಡಡಿ ಎತ್ತರಕ್ಕೆ ಸೈಜುಗಲ್ಲಿನ ಪಾಯ, ಮೇಲೆ ಎರಡಡಿ ಹೊರಚಾಚಿದ ಸಜ್ಜ. ಇವೆರಡೂ ಇದ್ದರೆ ನಡೆಯುತ್ತದೆ. ಮಳೆಗಿಂತ ಜಾಸ್ತಿ ತೊಂದರೆ ಕೊಡುವುದು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುವ ನೀರು, ತಾರಸಿ ಪೈಪಿನಿಂದ ಸೋರುವ ನೀರು. ಮಳೆ ಹೊಡೆಯುವ ಪಡುವಣ ಗೋಡೆಗೆ ಬೇಕಾದರೆ ಪ್ಲಾಸ್ಟರ್ ಮಾಡಿಸಿ, ಮಾನ ಹೋಗಲ್ಲ.

ಮೊಳೆ, ವೈರಿಂಗ್, ಗೆದ್ದಲು?

ಮೊಳೆ ಸುತ್ತಿಗೆಯಲ್ಲಿ ಹೊಡೆಯಬೇಡಿ, ಡ್ರಿಲ್ ಮಾಡಿ ಪ್ಲಗ್ ಹಾಕಿ. ವೈರಿಂಗ್ ಪೈಪು ಎಲ್ಲಿ ಅಂತ ಗೋಡೆ ಏಳುವ ಮುಂಚೆಯೇ ಗೊತ್ತಿರಬೇಕು, ಆಮೇಲೆ ಕೊರೆದರೆ ಅಂದ ಹೋಗುತ್ತದೆ. ಬ್ಲಾಕಿನಲ್ಲಿ ಗೆದ್ದಲಿಗೆ ತಿನ್ನಲು ಏನಿಲ್ಲ, ಆದರೆ ಗಾರೆಯ ಸಂದಿಯಲ್ಲಿ ಹತ್ತಿ ಬಾಗಿಲ ಚೌಕಟ್ಟು ತಿನ್ನಬಹುದು. ಅದು ಎಲ್ಲ ಮನೆಯ ಪಾಡು.

ಬೇಸಿಗೆಯಲ್ಲಿ ತಂಪಾಗಿರುತ್ತಾ?

ಇರುತ್ತದೆ, ಆದರೆ ಜನ ಹೇಳುವಷ್ಟಲ್ಲ. ನಮ್ಮ ಕಡೆ ಮಧ್ಯಾಹ್ನದ ಬಿಸಿಲು ಬೀಳುವುದು ತಾರಸಿಗೆ. ಗೋಡೆ ಮಣ್ಣಿನದ್ದು ಮಾಡಿಸಿ ಮೇಲೆ ಬರೀ ಕಾಂಕ್ರೀಟ್ ಹಾಕಿದರೆ ಮೇ ತಿಂಗಳಲ್ಲಿ ಫ್ಯಾನೇ ಗತಿ.

ನಾವು ಹಾಕಿಸಿದ್ದು ಹೆಂಚು ತುಂಬಿದ ತಾರಸಿ. ಸ್ಲ್ಯಾಬಿನ ಮೇಲ್ಭಾಗ ಒತ್ತಡ ತಡೆಯುತ್ತದೆ, ಕೆಳಭಾಗದ ಎಳೆತವನ್ನು ಕಬ್ಬಿಣ ತಡೆಯುತ್ತದೆ. ಕೆಳಗಿನ ಕಾಂಕ್ರೀಟ್ ಬಹುಪಾಲು ಕಬ್ಬಿಣವನ್ನು ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ. ಆ ಜಾಗದಲ್ಲಿ ಕಂಬಿಗಳ ನಡುವೆ ಹಳೇ ಮಂಗಳೂರು ಹೆಂಚು ಇಟ್ಟರೆ ಅಷ್ಟು ಕಾಂಕ್ರೀಟ್ ಉಳಿಯಿತು, ಭಾರವೂ ಇಳಿಯಿತು. ಎರಡು ಹೆಂಚಿನ ನಡುವೆ ಗಾಳಿ ಸಿಕ್ಕಿಕೊಂಡರೆ ಸ್ವಲ್ಪ ತಂಪು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದರು. ನಮ್ಮ ಹೆಂಚುಗಳು ಕೆಡವಿದ ಒಂದು ಶಾಲೆಯವು, ಮಲಗಿ ಮೇಲೆ ನೋಡಿದರೆ ಕಂಪನಿ ಮುದ್ರೆ ತಲೆಕೆಳಗಾಗಿ ಕಾಣುತ್ತದೆ.

ಈಗ ಮನೆಯನ್ನೇ ಪ್ರಿಂಟ್ ಮಾಡುತ್ತಾರಂತೆ, ಈ ಕಷ್ಟ ಯಾಕೆ?

ಹೌದು, 2023ರಲ್ಲಿ ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿಯನ್ನು 3ಡಿ ಪ್ರಿಂಟಿಂಗ್‌ನಲ್ಲಿ 43 ದಿನದಲ್ಲಿ ಕಟ್ಟಿದರು. ಬಿಡುವಿದ್ದಾಗ ಹೋಗಿ ನೋಡಿ, ಗೋಡೆ ಜಿಲೇಬಿ ಸುತ್ತಿದ ಹಾಗಿದೆ. ವೇಗ ಬೇಕಾದ ಕಡೆ ಅದು ಸರಿ. ಆದರೆ ಅದರಲ್ಲಿ ಸುರಿಯುವುದೂ ಕಾಂಕ್ರೀಟೇ, ನಮ್ಮ ಊರಿಗೆ ಆ ಪ್ರಿಂಟ್ ಮಾಡುವ ರೋಬಾಟ್ ಬರುವುದೂ ಇಲ್ಲ.

ಕರಾವಳಿಯಲ್ಲಿ ಮಾಡಬಹುದಾ?

ಮನೆ ಹತ್ತಿರವೇ ಕೆಂಪುಕಲ್ಲು ಸಿಗುವಾಗ ಯಾಕೆ? ಅದೂ ಸುಡದೆ ಕಡಿದು ತೆಗೆದ ಮಣ್ಣಿನ ಕಲ್ಲೇ ಅಲ್ವಾ.

ಮೇಸ್ತ್ರಿ ಒಪ್ಪುತ್ತಿಲ್ಲ. ಏನು ಮಾಡಲಿ?

ನಮ್ಮ ಮೇಸ್ತ್ರಿಯೂ ಒಪ್ಪಲಿಲ್ಲ. ‘ಮಣ್ಣಲ್ಲಿ ಕಟ್ಟಿ ನಾಳೆ ನನ್ನ ಹೆಸರು ಹೇಳ್ತೀರಾ’ ಅಂದರು. ವಾದ ಮಾಡಲಿಲ್ಲ. ಮಾದರಿಗೆ ಒತ್ತಿ ಹದವಾದ ಒಂದು ಬ್ಲಾಕನ್ನೂ, ಅವರೇ ತಂದ ಒಂದು ಇಟ್ಟಿಗೆಯನ್ನೂ ಒಂದೇ ಬಕೆಟ್ಟಿನಲ್ಲಿ ರಾತ್ರಿ ನೆನೆಹಾಕಿದೆವು. ಬೆಳಿಗ್ಗೆ ಎರಡನ್ನೂ ತೆಗೆದು ಸೊಂಟದ ಎತ್ತರದಿಂದ ಅವರ ಕೈಯಲ್ಲೇ ಬೀಳಿಸಿದೆವು. ಇಟ್ಟಿಗೆ ಎರಡಾಯಿತು. ಬ್ಲಾಕಿನ ಒಂದು ಮೂಲೆ ಮುಕ್ಕಾಯಿತು. ಎಲ್ಲ ಇಟ್ಟಿಗೆಯೂ ಹೀಗೇ ಅಂತ ಹೇಳಲ್ಲ, ಅವತ್ತಿನದ್ದು ಅಷ್ಟೇನೂ ಚೆನ್ನಾಗಿ ಸುಟ್ಟಿರಲಿಲ್ಲ. ಅವರು ಮುಕ್ಕಾದ ಮೂಲೆ ಎತ್ತಿಕೊಂಡು ಬೆರಳಲ್ಲಿ ತಿಕ್ಕಿ ನೋಡಿ, ‘ತೂಕಗುಂಡು ಎಲ್ಲಿಟ್ರೀ’ ಅಂತ ಕೇಳಿದರು.

ಯಾವ ತಿಂಗಳು ಶುರು ಮಾಡಬೇಕು?

ಬ್ಲಾಕ್ ಕೆಲಸ ಜನವರಿ-ಫೆಬ್ರವರಿಗೆ ಹಿಡಿದರೆ ಏಪ್ರಿಲ್ ಮಳೆಗೆ ಮುಂಚೆ ಹದವಾಗಿ ಜೋಡಿಸಿಟ್ಟಿರಬಹುದು. ಬಾಟಲಿ ಮಾತ್ರ ಇವತ್ತೇ ಇಡಿ. ಉಪ್ಪಿನಕಾಯಿ ಬಾಟಲಿಯಾದರೆ ಎಣ್ಣೆ ಜಿಡ್ಡು ಹೋಗುವ ಹಾಗೆ ಸೀಗೆಪುಡಿ ಹಾಕಿ ತೊಳೆದುಕೊಳ್ಳಿ, ಇಲ್ಲದಿದ್ದರೆ ಜೇಡಿಯ ಗೆರೆ ಕಾಣಲ್ಲ.